ಹಿತ್ತಲ ಮರಕ್ಕೆ ಬರುವ ಬಾಣಂತಿಯರು

ಬೆಳಗ್ಗೆ ಹಾಲು ಕರೆದು, ಕ್ಯಾನು ಹಿಡಿದು ನಾವು ಡೇರಿಗೆ ಹೊರಡುವ ಹೊತ್ತಿಗೇ ಹಕ್ಕಿಗಳೂ ಮೇವು ಹುಡುಕಿ ಹೊರಡುತ್ತವೆ. ಪಟ್ಟಣದವರು ಹಕ್ಕಿ ನೋಡಲು ದುರ್ಬೀನು ಹಿಡಿದು ನಸುಕಿನಲ್ಲೇ ಬರುವುದು ಇದಕ್ಕಾಗಿಯೇ. ನಮಗೆ ಆ ಹೊತ್ತು ದಿನವೂ ಸಿಗುತ್ತದೆ. ಸ್ವಲ್ಪ ತಲೆ ಎತ್ತಿ ನೋಡಿದರಾಯಿತು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ತಲೆಮಾರುಗಳಿಂದ ಹೀಗೆ ನೋಡುತ್ತ ಬಂದವರು. ಶಿಂಷಾ ನದಿಯ ಬಳಿ ಇರುವ ಈ ಊರಿನ ಹಕ್ಕಿಧಾಮಕ್ಕೆ ಬೇಲಿಯಿಲ್ಲ. ಮನೆ ಮುಂದಿನ, ಹಿತ್ತಲಿನ ಹುಣಸೆ, ಆಲದ ಮರಗಳೇ ಧಾಮ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಊರವರಿಗೆ ಮಾತ್ರ ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು.

ಯಾವ ಕಾಲಕ್ಕೆ ಯಾರು?

ಮಳೆಗಾಲದಲ್ಲಿ ಈ ಮರಗಳು ಹೆಚ್ಚುಕಡಿಮೆ ಖಾಲಿ. ಆದರೆ ಬಯಲಲ್ಲಿ ಗೋವಕ್ಕಿಗಳಿರುತ್ತವೆ. ಬಿಳಿಯ ಈ ಹಕ್ಕಿಯ ತಲೆ, ಕುತ್ತಿಗೆ ಆಗ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಹಸು ಹೆಜ್ಜೆ ಇಟ್ಟಾಗ ಹಾರುವ ಮಿಡತೆಗಳೇ ಅದರ ಊಟ.

ಮಳೆ ಹಿಂದೆ ಸರಿದು ಕೆರೆಗಳು ತುಂಬಿದ ಮೇಲೆ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಬೂದು ಬಿಳುಪಿನ ದೊಡ್ಡ ಹಕ್ಕಿ, ಕೊಕ್ಕಿನ ಕೆಳಗೆ ಚೀಲ. ಬಣ್ಣದ ಕೊಕ್ಕರೆಗಳೂ ಬಂದು ಸೇರುತ್ತವೆ. ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ ಇದ್ದರೆ ಅದೇ ಎಂದು ತಿಳಿಯಿರಿ. ಚಳಿಗಾಲದಲ್ಲಿ ಕೆರೆಯಂಚಿಗೆ ಹೋದರೆ, ದನಗಳ ಕಾಲ ಬಳಿಯೇ ಬಾಲ ಕುಣಿಸುತ್ತ ಓಡಾಡುವ ಹಳದಿ ಹೊಟ್ಟೆಯ ಪುಟ್ಟ ಹಕ್ಕಿಗಳು ಕಾಣುತ್ತವೆ. ಅವು ದೂರದ ಉತ್ತರದ ನಾಡುಗಳಿಂದ ಬಂದ ಅತಿಥಿಗಳು.

ಬೇಸಿಗೆಯೆಂದರೆ ಬಾಣಂತನದ ಕಾಲ. ಹೆಜ್ಜಾರ್ಲೆ ಸುಮಾರು ಒಂದು ತಿಂಗಳು ಕಾವು ಕೂರುತ್ತದೆ. ಮರಿಗಳು ಹಾರುವಷ್ಟು ಬಲಿಯಲು ಇನ್ನೂ ಕೆಲವು ತಿಂಗಳು ಬೇಕು. ಮಧ್ಯಾಹ್ನದ ಬಿಸಿಲಿಗೆ ಕೊಕ್ಕರೆಗಳು ರೆಕ್ಕೆ ಹರಡಿ ಮರಿಗೆ ನೆರಳಾಗಿ ನಿಲ್ಲುವುದನ್ನು ಒಮ್ಮೆ ನೋಡಬೇಕು. ಮಳೆ ಬೀಳುವ ಹೊತ್ತಿಗೆ ತಾಯಿ ಮಕ್ಕಳು ಹೊರಟುಹೋಗುತ್ತಾರೆ.

ಹುಣಸೆ ಬಿಟ್ಟುಕೊಟ್ಟವರು

ಹುಣಸೆ ಹಣ್ಣಾಗುವುದೂ ಗೂಡಿನಲ್ಲಿ ಮರಿ ಇರುವುದೂ ಒಂದೇ ಕಾಲದಲ್ಲಿ. ಮರ ಬಡಿದರೆ ಗೂಡು ಉದುರುತ್ತದೆ. ಹಾಗಾಗಿ ಗೂಡಿರುವ ಮರದ ಫಸಲನ್ನು ಊರವರು ಬಿಟ್ಟುಕೊಟ್ಟರು. ಅಂಥ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಧನ ಕೊಡುತ್ತ ಬಂದಿದೆ. ಹಕ್ಕಿಗಳೂ ಬಾಡಿಗೆ ಕೊಡದೆ ಇರುವುದಿಲ್ಲ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. 1990ರ ದಶಕದಲ್ಲಿ ಊರವರು ‘ಹೆಜ್ಜಾರ್ಲೆ ಬಳಗ’ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಹಾರಿಬಿಡುವ ಕೆಲಸಕ್ಕೂ ಇಳಿದರು.

ಮರ ಉಳಿದರೆ ಸಾಲದು

2018ರ ಆಸುಪಾಸಿನಲ್ಲಿ ಇಲ್ಲಿ ಹಲವು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳು ಕಂಡವು. ಈ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಹಕ್ಕಿ ಮಲಗುವುದು ನಮ್ಮ ಹಿತ್ತಲಿನಲ್ಲಾದರೂ ಉಣ್ಣುವುದು ಸುತ್ತಲಿನ ಕೆರೆಗಳಲ್ಲಿ. ಮರವನ್ನು ಎಷ್ಟೇ ಕಾಪಾಡಿದರೂ ಕೆರೆ ಕೆಟ್ಟರೆ ಬಾಣಂತಿಗೆ ಊಟವಿಲ್ಲ.

ಅದೇ ಕೆರೆಯ ನೀರನ್ನು ನಮ್ಮ ಹಸುಗಳೂ ಕುಡಿಯುತ್ತವೆ. ಆದ್ದರಿಂದ ಈ ನಾಲ್ಕು ಮಾತು ಹಕ್ಕಿಗೂ ಹಸುವಿಗೂ ಸೇರಿದ್ದು:

• ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ಕೆರೆಯಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿ.
• ಕೊಟ್ಟಿಗೆ ತೊಳೆದ ನೀರು ಕೆರೆಗೆ ಹರಿಯದಂತೆ ತಿಪ್ಪೆಗೋ ಮೇವಿನ ತಾಕಿಗೋ ತಿರುಗಿಸಿ.
• ಕೆರೆಯಂಚಿನ ಜೌಗಿನಲ್ಲಿ ಮೇಯುವ ದನಗಳಿಗೆ ಬಸವನಹುಳುಗಳಿಂದ ಹರಡುವ ಯಕೃತ್ತಿನ ಜಂತು ತಗಲುತ್ತದೆ. ಪಶುವೈದ್ಯರನ್ನು ಕೇಳಿ ಕಾಲಕಾಲಕ್ಕೆ ಜಂತುನಾಶಕ ಕೊಡಿಸಿ.
• ಹಕ್ಕಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ.

ಹಸು ಒಂದು ಹೊತ್ತು ಮೇವು ಬಿಟ್ಟರೂ ಮೊದಲು ಗೊತ್ತಾಗುವುದು ನಮಗೆ. ಅದೇ ಕಣ್ಣು ಕೆರೆಯ ಮೇಲೂ ಇರಲಿ. ಈ ವರ್ಷ ನಿಮ್ಮೂರ ಕೆರೆಗೆ ಯಾವ ಹಕ್ಕಿ ಯಾವ ತಿಂಗಳು ಬಂತು, ಎಷ್ಟು ಬಂದವು ಎಂದು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಸುವಿಗೆ ಇನಾಕುಲೇಷನ್ ಮಾಡಿಸಿದ ತಾರೀಖು ಬರೆದಿಡುವ ಜಾಗದ ಪಕ್ಕದಲ್ಲೇ ಸಾಕು. ಮುಂದಿನ ವರ್ಷ ಅವು ತಡವಾಗಿ ಬಂದರೆ, ಕಡಿಮೆ ಬಂದರೆ, ಕೆರೆಗೆ ಏನೋ ಆಗಿದೆಯೆಂದು ಮೊದಲು ತಿಳಿಯುವವರು ನೀವೇ ಆಗಿರುತ್ತೀರಿ.