ತತ್ತ್ವಶಾಸ್ತ್ರದಿಂದ ಹೊಟ್ಟೆ ತುಂಬುವುದೇ?

ದುಡಿಯುತ್ತಲೇ ಓದುವ ಅನುಕೂಲವು ಈಗ ನಮ್ಮ ಜನರಿಗೆ ಕೈಗೆಟುಕುವಂತಿದೆ. 1989ರಲ್ಲಿ ಸ್ಥಾಪಿತವಾದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯವು ನಾಸಿಕದಲ್ಲಿಯೇ ಇದೆ; ಅಂಬಡ್ ಕೈಗಾರಿಕಾ ವಸಾಹತಿಗೆ ಅದು ದೂರವೇನೂ ಅಲ್ಲ. ಆ ವಸಾಹತಿನ ಉಪಾಹಾರಗೃಹದಲ್ಲಿಯೋ ಕಚೇರಿಯಲ್ಲಿಯೋ ದುಡಿಯುವ ತರುಣನೊಬ್ಬನು ‘ತತ್ತ್ವಶಾಸ್ತ್ರವನ್ನು ಓದುತ್ತೇನೆ’ ಎಂದರೆ, ‘ಅದರಿಂದ ಹೊಟ್ಟೆ ತುಂಬುವುದೇ?’ ಎಂದು ಮನೆಯವರು ಕೇಳುವುದು ಸಹಜ. ತಿಂಗಳು ತಿಂಗಳೂ ಊರಿಗೆ ಹಣ ಕಳುಹಿಸಬೇಕಾದವನ ವಿಷಯದಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ.

ಆದುದರಿಂದ ಮೊದಲು ಹೊಟ್ಟೆಯ ಮಾತನ್ನೇ ಆಡೋಣ. ತತ್ತ್ವಶಾಸ್ತ್ರದ ಪದವಿಯಿಂದ ಗುಮಾಸ್ತನ ಸಂಬಳ ಏರುವುದೆಂದು ನಾವು ಭರವಸೆ ಕೊಡಲಾರೆವು. ಮನೆಯ ಭಾರ ಹೊತ್ತವನು ಲೆಕ್ಕಪತ್ರವನ್ನೋ ಕೈಕಸುಬನ್ನೋ ಮೊದಲು ಕಲಿಯುವುದೇ ವಿವೇಕ. ಆದರೆ ಪದವಿಯು ಬೇರೆ, ವ್ಯಾಸಂಗವು ಬೇರೆ. ಪದವಿ ಬೇಡವೆಂದವನು ವ್ಯಾಸಂಗವನ್ನೂ ಬಿಡಬೇಕಾಗಿಲ್ಲ.

ಇದಕ್ಕೆ ಈ ಪ್ರಾಂತದ ಇತಿಹಾಸವೇ ಸಾಕ್ಷಿ. ನಾಸಿಕ ವಿಭಾಗಕ್ಕೆ ಸೇರಿದ ಜಳಗಾಂವ್ ಜಿಲ್ಲೆಯ ಅಮಳನೇರಿನಲ್ಲಿ ಗಿರಣಿಯ ಒಡೆಯರಾದ ಪ್ರತಾಪಶೇಠರು 1916ರಲ್ಲಿ ತತ್ತ್ವಜ್ಞಾನ ಮಂದಿರವನ್ನು ಸ್ಥಾಪಿಸಿದರು. ಹತ್ತಿಯ ಧೂಳಿನ ಊರಿನಲ್ಲಿ ವೇದಾಂತದ ಸಂಶೋಧನೆ ನಡೆಯಿತು. ಅಲ್ಲಿ ಓದಿದವರಲ್ಲಿ ಸಾನೆ ಗುರೂಜಿಯವರೂ ಒಬ್ಬರು. ಅವರ ಓದು ಮಂದಿರದೊಳಗೇ ಉಳಿಯಲಿಲ್ಲ. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ವಿನೋಬಾ ಅವರು ಪ್ರತಿ ಭಾನುವಾರ ಗೀತೆಯ ಕುರಿತು ಪ್ರವಚನ ಮಾಡಿದಾಗ, ಅದನ್ನು ಬರೆದುಕೊಂಡು ಲೋಕಕ್ಕೆ ಉಳಿಸಿಕೊಟ್ಟವರು ಗುರೂಜಿಯವರೇ. ಮುಂದೆ ಅವರು ಖಾನದೇಶದ ರೈತರ ಹಾಗೂ ಕಾರ್ಮಿಕರ ಪರವಾಗಿ ನಿಂತರು; 1947ರಲ್ಲಿ ಪಂಢರಪುರದ ವಿಠ್ಠಲನ ಗುಡಿಯ ಬಾಗಿಲು ದಲಿತರಿಗೂ ತೆರೆಯಬೇಕೆಂದು ಉಪವಾಸ ಕೈಗೊಂಡರು. ಎಲ್ಲರಲ್ಲಿಯೂ ಒಂದೇ ಆತ್ಮವಿದೆಯೆಂದು ಓದಿದವನು ಗುಡಿಯ ಬಾಗಿಲನ್ನು ಮುಚ್ಚಿಟ್ಟು ಸುಮ್ಮನಿರಲಾರನು.

ಉಪವಾಸದಂತಹ ಮಹತ್ಕಾರ್ಯ ಎಲ್ಲರ ಪಾಲಿಗೂ ಬರುವುದಿಲ್ಲವೆಂದರೆ, ದಿನನಿತ್ಯದ ಪ್ರಯೋಜನವೂ ಉಂಟು. ನ್ಯಾಯಶಾಸ್ತ್ರದಲ್ಲಿ ಅನುಮಾನವನ್ನು ಕಲಿಸುವ ಪ್ರಸಿದ್ಧ ಉದಾಹರಣೆಯು ನಮ್ಮ ಹೋಟೆಲಿನ ಬಂಧುಗಳಿಗೆ ಪ್ರಿಯವಾದೀತು. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ; ಆದುದರಿಂದ ಅಲ್ಲಿ ಬೆಂಕಿ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದಕ್ಕೆ ದೃಷ್ಟಾಂತವೇನು? ‘ಮಹಾನಸ’, ಎಂದರೆ ಅಡಿಗೆಮನೆ! ಹಬೆಯನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದರೆ ತರ್ಕ ಕೆಡುತ್ತದೆ, ಅದು ಹೇತ್ವಾಭಾಸ. ಒಂದೇ ವರ್ಷದಲ್ಲಿ ಹಣ ಇಮ್ಮಡಿಯಾಗುವುದೆಂದು ಚೀಟಿಯವನು ಹೇಳಿದಾಗ, ಮೊಬೈಲಿನಲ್ಲಿ ಗಾಳಿಸುದ್ದಿ ಬಂದಾಗ, ‘ಇದಕ್ಕೆ ಪ್ರಮಾಣವೇನು? ಇದು ಹೊಗೆಯೋ ಹಬೆಯೋ?’ ಎಂದು ಕೇಳಬಲ್ಲವನು ತನ್ನ ಗಳಿಕೆಯನ್ನು ಉಳಿಸಿಕೊಂಡಾನು. ಹೊಟ್ಟೆಯ ಪ್ರಶ್ನೆಗೂ ಇಲ್ಲೊಂದು ಉತ್ತರವಿದೆ.

ಇದು ದೊಡ್ಡ ವಿದ್ವಾಂಸರ ಸ್ವತ್ತೆಂದು ಹಿಂಜರಿಯಬೇಕಾಗಿಲ್ಲ. ಕನ್ನಡದ ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ತಾರುಣ್ಯದಲ್ಲಿ ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1943ರಲ್ಲಿ ಪ್ರಕಟವಾದ ಅವರ ‘ಮಂಕುತಿಮ್ಮನ ಕಗ್ಗ’ ಇಂದಿಗೂ ಮನೆಮನೆಯ ಪುಸ್ತಕ. ಗೀತೆಯನ್ನು ಕುರಿತ ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ದುಡಿದವನಿಗೆ ಸಂಬಳ ಕೊಡದೆ, ‘ಎಲ್ಲವೂ ಮಾಯೆ, ಎಲ್ಲವೂ ಪೂರ್ವಕರ್ಮ’ ಎಂದು ಉಪದೇಶಿಸುವ ಮಾತು ತತ್ತ್ವಜ್ಞಾನವಲ್ಲ, ವಂಚನೆ. ನಿಜವಾದ ವ್ಯಾಸಂಗವು ಪ್ರಶ್ನಿಸುವ ಧೈರ್ಯವನ್ನು ಕೊಡುತ್ತದೆ, ತಲೆತಗ್ಗಿಸುವುದನ್ನು ಕಲಿಸುವುದಿಲ್ಲ.

ವಾರಕ್ಕೆ ಒಂದು ಗಂಟೆ, ನಾಲ್ಕು ಮಂದಿ ಗೆಳೆಯರು, ಕನ್ನಡದ ಒಂದು ಪುಸ್ತಕ — ಆರಂಭಕ್ಕೆ ಇಷ್ಟು ಸಾಕು. ಒಬ್ಬರು ಓದಲಿ, ಉಳಿದವರು ಒಪ್ಪದೆಡೆಯಲ್ಲಿ ತಡೆದು ಕೇಳಲಿ. ಇಂತಹ ವ್ಯಾಸಂಗಕ್ಕೆ ಪ್ರವೇಶಪತ್ರವೂ ಬೇಡ, ಶುಲ್ಕವೂ ಬೇಡ. ನಮ್ಮ ತರುಣರು ಇದನ್ನು ಕೈಗೊಳ್ಳುವರೆಂದು ಆಶಿಸುತ್ತೇವೆ.