ಮಿಗ್‌ ಹೋಯಿತು, ಪ್ರಶ್ನೆ ಉಳಿಯಿತು

1963ರಲ್ಲಿ ಭಾರತೀಯ ವಾಯುಪಡೆ ಸೇರಿದ ಮಿಗ್‌-21 ಯುದ್ಧವಿಮಾನ 2025ರ ಸೆಪ್ಟೆಂಬರ್‌ 26ರಂದು ಚಂಡೀಗಡದಲ್ಲಿ ನಿವೃತ್ತಿಯಾಯಿತು. 1971ರಿಂದ 2012ರ ಏಪ್ರಿಲ್‌ವರೆಗೆ ವಿವಿಧ ಬಗೆಯ 482 ಮಿಗ್‌ಗಳು ಅಪಘಾತಕ್ಕೀಡಾಗಿ 171 ಪೈಲಟ್‌ಗಳೂ 39 ನಾಗರಿಕರೂ ಸತ್ತರೆಂದು ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ತಿಳಿಸಿದ್ದರು. 'ಹಾರುವ ಶವಪೆಟ್ಟಿಗೆ' ಎಂಬ ಅಡ್ಡಹೆಸರು ಮಿಗ್‌-21ಕ್ಕೆ ಅಂಟಿದ್ದು ಸುಮ್ಮನೆ ಅಲ್ಲ. ಆದರೆ ಎಲ್ಲವನ್ನೂ ಯಂತ್ರದ ಮುಪ್ಪಿನ ತಲೆಗೆ ಕಟ್ಟಿದರೆ, ಆ ಯಂತ್ರವನ್ನು ಅಷ್ಟು ಕಾಲ ಹಾರಿಸಿದ ನಿರ್ಧಾರಗಳು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ.

ತರಬೇತಿಯ ಕಥೆಯನ್ನೇ ನೋಡಿ. ಮಿಗ್‌-21 ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲಕ್ಕಿಳಿಯುವ ಒಂಟಿ ಎಂಜಿನ್‌ ವಿಮಾನ. ಹೊಸಬನ ತಪ್ಪನ್ನು ಅದು ಕ್ಷಮಿಸುವುದಿಲ್ಲ. ನಿಧಾನಗತಿಯ ಕಿರಣ್‌ ಜೆಟ್‌ಗಳಲ್ಲಿ ಕಲಿತ ಎಳೆಯ ಪೈಲಟ್‌ಗಳು ನಡುವೆ ಸರಿಯಾದ ಮೆಟ್ಟಿಲಿಲ್ಲದೆ ಅದರ ಕಾಕ್‌ಪಿಟ್‌ಗೆ ಹತ್ತುತ್ತಿದ್ದರು. ಸುಧಾರಿತ ತರಬೇತಿ ಜೆಟ್‌ ಬೇಕೇ ಬೇಕೆಂದು ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್‌ ಸಮಿತಿ ಹೇಳಿದ್ದು 1982ರಲ್ಲಿ. ಅಂಥ ಜೆಟ್‌ ಆದ ಹಾಕ್‌ ಖರೀದಿಗೆ ಸಹಿ ಬಿದ್ದದ್ದು 2004ರಲ್ಲಿ. ಅವು ಬೀದರ್‌ ವಾಯುನೆಲೆಗೆ ಬಂದದ್ದು 2008ರಲ್ಲಿ. ಈ ಇಪ್ಪತ್ತಾರು ವರ್ಷಗಳ ವಿಳಂಬಕ್ಕೂ ಲೋಹದ ಸವಕಳಿಗೂ ಸಂಬಂಧವಿಲ್ಲ. ಬದಲಿ ವಿಮಾನದ್ದೂ ಇದೇ ಪಾಡು: 1983ರಲ್ಲಿ ಮಂಜೂರಾದ ಹಗುರ ಯುದ್ಧವಿಮಾನ ತೇಜಸ್‌ನ ಮೊದಲ ಸ್ಕ್ವಾಡ್ರನ್‌ ಬೆಂಗಳೂರಿನಲ್ಲಿ ರೂಪುಗೊಂಡದ್ದು 2016ರಲ್ಲಿ. ಸೋವಿಯತ್‌ ಒಕ್ಕೂಟ ಕುಸಿದ ಮೇಲೆ ಬಿಡಿಭಾಗಗಳಿಗೂ ಪರದಾಟ ಶುರುವಾಯಿತು.

ವಯಸ್ಸೇನು ಸುಳ್ಳೇ ಎಂದು ಕೇಳಬಹುದು. ಖಂಡಿತ ಅಲ್ಲ. 2007ರ ನವೆಂಬರ್‌ 2ರಂದು ಅಮೆರಿಕದ ಮಿಸೌರಿಯಲ್ಲಿ ಎಫ್‌-15ಸಿ ವಿಮಾನವೊಂದು ಹಾರಾಟದಲ್ಲೇ ಎರಡು ತುಂಡಾಯಿತು. ಅದರ ಒಡಲನ್ನು ಹಿಡಿದಿಡುವ ಲೋಹದ ಪಟ್ಟಿಯೊಂದು ತಯಾರಿಕೆಯಲ್ಲೇ ನಿಗದಿಗಿಂತ ತೆಳುವಾಗಿತ್ತು. ದಶಕಗಳ ಒತ್ತಡದಲ್ಲಿ ಸಣ್ಣ ಬಿರುಕು ಬೆಳೆದು ಪಟ್ಟಿ ಮುರಿಯಿತು. ಮುಪ್ಪು ಹಳೆಯ ದೋಷವನ್ನು ಹೀಗೆ ಹೊರಗೆಡಹುತ್ತದೆ. ಆಗ ಅಮೆರಿಕ ತನ್ನ ಎಫ್‌-15ಗಳನ್ನು ನೆಲಕ್ಕಿಳಿಸಿ, ಅದೇ ಪಟ್ಟಿಯನ್ನು ವಿಮಾನ ವಿಮಾನವಾಗಿ ತಪಾಸಣೆ ಮಾಡಿತು. ತನಿಖೆಯ ಫಲಿತಾಂಶವನ್ನು ಬಹಿರಂಗಪಡಿಸಿತು. ವಿಮಾನ ಹಳತಾಗುವುದನ್ನು ತಡೆಯಲಾಗದು, ಹಳತಾದುದರ ಮೇಲೆ ಕಣ್ಣಿಡುವುದು ಸಾಧ್ಯ. ಹೊಸತನವೊಂದೇ ರಕ್ಷಣೆಯೂ ಅಲ್ಲ: 2019ರ ಫೆಬ್ರುವರಿಯಲ್ಲಿ ಬೆಂಗಳೂರಿನ ಎಚ್‌ಎಎಲ್‌ ನಿಲ್ದಾಣದಲ್ಲಿ ಪತನವಾದದ್ದು ಆಗಷ್ಟೇ ಮೇಲ್ದರ್ಜೆಗೇರಿದ್ದ ಮಿರಾಜ್‌-2000, ಇಬ್ಬರು ಪೈಲಟ್‌ಗಳು ತೀರಿಕೊಂಡರು.

ನಮ್ಮ ವಾಯುಪಡೆಯ ಯುದ್ಧವಿಮಾನ ಸ್ಕ್ವಾಡ್ರನ್‌ಗಳು ಮಂಜೂರಾದ 42ಕ್ಕಿಂತ ಬಹಳ ಕಡಿಮೆ ಇರುವಾಗ ಹಳೆಯದನ್ನು ಬಿಟ್ಟರೆ ಗಡಿ ಕಾಯುವುದು ಹೇಗೆ ಎಂಬ ಆಕ್ಷೇಪ ಹೆಚ್ಚು ತೂಕದ್ದು. ನಿಜ, ಕೊರತೆಯಿದ್ದಾಗ ಹಳೆಯದನ್ನೇ ಹಾರಿಸಬೇಕಾಗುತ್ತದೆ. ಆದರೆ ತರಬೇತಿ ಪಡೆದ ಪೈಲಟ್‌ನನ್ನು ಶಾಂತಿಕಾಲದಲ್ಲೇ ಕಳೆದುಕೊಳ್ಳುವ ಪಡೆಯ ಬಲ ಕಾಗದದ ಮೇಲಷ್ಟೇ ಉಳಿಯುತ್ತದೆ. ತನಿಖೆಯ ಫಲಿತಾಂಶ ಬಹಿರಂಗಪಡಿಸದಿರಲು ಹೇಳುವ ರಹಸ್ಯದ ನೆಪವೂ ಪೂರ್ತಿ ನಿಲ್ಲದು. ಶಸ್ತ್ರ, ರೇಡಾರ್‌ ವಿವರ ಮುಚ್ಚಿಟ್ಟೇ ಅಪಘಾತದ ಕಾರಣವನ್ನು ಹೇಳಬಹುದು.

ಈಗ ಸರದಿ ವಾಯುಪಡೆಯ ಇನ್ನೊಂದು ಹಳೆಯ ಯುದ್ಧವಿಮಾನ ಜಾಗ್ವಾರ್‌ನದು. 1979ರಲ್ಲಿ ಬಂದ ಈ ವಿಮಾನವನ್ನು ಇಂದು ಹಾರಿಸುತ್ತಿರುವುದು ಭಾರತ ಮಾತ್ರ. 2025ರ ಮಾರ್ಚ್‌, ಏಪ್ರಿಲ್‌ ಮತ್ತು ಜುಲೈ ತಿಂಗಳಲ್ಲಿ ಮೂರು ಬಿದ್ದವು. ಅವಕ್ಕೆ ಹೊಸ ಎಂಜಿನ್‌ ಹಾಕುವ ಯೋಜನೆಯನ್ನು ದುಬಾರಿಯೆಂದು ಹಿಂದೆಯೇ ಕೈಬಿಡಲಾಗಿತ್ತು. ಉಳಿಸಿದ ಹಣ ಖಾತೆಯಲ್ಲಿ ಕಾಣುತ್ತದೆ. ಅದರಿಂದ ಹೆಚ್ಚಿದ ಅಪಾಯವನ್ನು ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ. ಆದ್ದರಿಂದ ಸೇವಾವಧಿ ವಿಸ್ತರಿಸುವ ಪ್ರತಿ ಆದೇಶದ ಜೊತೆಗೇ ತಪಾಸಣೆ, ಬಿಡಿಭಾಗ, ತರಬೇತಿಗಳ ಹಣವೂ, ಬದಲಿ ವಿಮಾನ ಬರುವ ದಿನಾಂಕವೂ ಮಂಜೂರಾಗಬೇಕು. ಆ ದಿನಾಂಕ ತಪ್ಪಿದರೆ ಸಂಸತ್ತಿಗೆ ಉತ್ತರಿಸಬೇಕಾದವರು ಸಹಿ ಹಾಕಿದವರು.