ಗುಂಯ್ ಸದ್ದಿನ ಬೆನ್ನು ಹತ್ತಿ

ರಾತ್ರಿ ಹತ್ತೂವರೆ. ಕನಕಪುರ ರಸ್ತೆಯ ಗದ್ದಲ ತಗ್ಗಿ, ವಸಂತಪುರದ ನಮ್ಮ ಬೀದಿ ಮಲಗುವ ಹೊತ್ತು. ಮೂರು ತಿಂಗಳು ಕೂತು ಕಟ್ಟಿದ ವಾಲ್ವ್ ಆಂಪ್ಲಿಫೈಯರಿಗೆ ಮೊದಲ ಸಲ ಸ್ವಿಚ್ ಹಾಕಿದೆ. ಅರ್ಧ ನಿಮಿಷದಲ್ಲಿ ಗಾಜಿನೊಳಗೆ ಕೆಂಪು ಎಳೆ ಕಂಡಿತು. ಹಾಡು ಇನ್ನೂ ಹಾಕಿರಲಿಲ್ಲ. ಆದರೂ ಸ್ಪೀಕರಿನಿಂದ ‘ಗುಂಯ್’ ಎಂದು ಒಂದೇ ಸಮನೆ ಸದ್ದು. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಂದು ಗಳಿಗೆ ಕೇಳಿಸಿಕೊಂಡು, “ಇದು ಐದು ಮನೆ ಶ್ರುತಿ ಕಣೋ. ಸ್ವಲ್ಪ ಏರಿದೆ” ಅಂದರು.

ವೀಣೆ ಕಲಿತ ಕಿವಿ ಅದು, ತಪ್ಪಲಿಲ್ಲ. ಐದು ಮನೆಯ ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 98 ಕಂಪನ, ಅದಕ್ಕೂ ಒಂದು ಸ್ಥಾಯಿ ಕೆಳಗಿನದು 49. ನಮ್ಮ ಮನೆಗಳಿಗೆ ಬರುವ ಕರೆಂಟಿನ ಆವರ್ತನ 50. ಗೋಡೆಯೊಳಗಿನ ಕರೆಂಟೇ ಸ್ಪೀಕರಿನಲ್ಲಿ ಹಾಡುತ್ತಿತ್ತು. ಅದು ಯಾವ ದಾರಿಯಲ್ಲಿ ಒಳಗೆ ನುಗ್ಗಿದೆ ಎಂದು ಪತ್ತೆ ಹಚ್ಚುವುದೇ ವಾಲ್ವ್ ಆಂಪ್ಲಿಫೈಯರ್ ಕಟ್ಟುವವರ ಕಸುಬಿನಲ್ಲಿ ಅರ್ಧ ಪಾಲು.

ಈ ಕಸುಬಿಗೆ ಬೆಂಗಳೂರು ಹೊಸ ಊರಲ್ಲ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ಕೈ ಹಾಕಿತು. ಮರುವರ್ಷವೇ ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡಿತು. ವಾಲ್ವನ್ನು ಮೂಲೆಗೆ ತಳ್ಳಿದ ಟ್ರಾನ್ಸಿಸ್ಟರ್ ಯುಗಕ್ಕೂ ಅಲ್ಲೇ ಬಾಗಿಲು ತೆರೆಯಿತು. ಬಿಇಎಲ್ ಮುದ್ರೆಯ ವಾಲ್ವುಗಳನ್ನು ಇಂದಿಗೂ ದೇಶವಿದೇಶಗಳ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ನನ್ನ ಪೆಟ್ಟಿಗೆಯಲ್ಲಿರುವುದು ಒಂದು ಇಸಿಸಿ83, ಎರಡು ಇಎಲ್84. ರೆಸಿಸ್ಟರ್, ಕಂಡೆನ್ಸರ್, ವಾಲ್ವ್ ಸಾಕೆಟ್ಟುಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಮೆಟ್ರೊ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ನಡೆದು ಹೋಗುವ ದೂರ.

ಪತ್ತೆದಾರಿಯಲ್ಲಿ ಕಿವಿಗೇ ಮೊದಲ ಮಣೆ. ಸದ್ದು 50ರದೋ 100ರದೋ ಎಂಬುದು ಮೊದಲ ಪ್ರಶ್ನೆ. ಎಸಿಯನ್ನು ಡಿಸಿ ಮಾಡುವ ಡಯೋಡುಗಳು ಅಲೆಯ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ 50 ಇದ್ದದ್ದು 100 ಆಗುತ್ತದೆ, ಅಂದರೆ ಒಂದು ಸ್ಥಾಯಿ ಮೇಲೆ. ಆ ಏರಿಳಿತವನ್ನು ಸಮ ಮಾಡಬೇಕಾದ್ದು ಕಂಡೆನ್ಸರ್ ಮತ್ತು ಚೋಕ್. ಹಳೆಯ ರೇಡಿಯೊ 100ರ ಶ್ರುತಿಯಲ್ಲಿ ಗುಂಯ್‌ಗುಟ್ಟಿದರೆ ಅನುಮಾನ ಮೊದಲು ಹೋಗಬೇಕಾದ್ದು ಒಣಗಿದ ಕಂಡೆನ್ಸರಿನ ಕಡೆಗೆ. ಸದ್ದು 50ರದ್ದಾದರೆ ಡಯೋಡಿಗೂ ಮುಂಚಿನ ಕರೆಂಟೇ ಎಲ್ಲೋ ಸೋರುತ್ತಿದೆ ಎಂದರ್ಥ: ವಾಲ್ವನ್ನು ಕಾಯಿಸುವ 6.3 ವೋಲ್ಟ್ ಹೀಟರ್ ತಂತಿಯಿಂದಲೋ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದಲೋ. ಗುಂಯ್ ಬದಲು ‘ಝೀ’ ಎಂದು ಹರಿತವಾಗಿ ಕೇಳಿದರೆ ಅರ್ಥಿಂಗ್ ನೋಡಬೇಕು.

ಎರಡನೆಯ ಹೆಜ್ಜೆ, ಜಾಗ ಹಿಡಿಯುವುದು. ವಾಲ್ಯೂಮ್ ಪೂರ್ತಿ ಇಳಿಸಿದೆ. ಸದ್ದು ಕಡಿಮೆಯಾಗಲಿಲ್ಲ. ಕಳ್ಳ ವಾಲ್ಯೂಮಿನಿಂದ ಆಚೆಗಿದ್ದಾನೆ. ಸ್ವಿಚ್ ಆರಿಸಿ, ಕಾದು, ಮುಂದಿನ ಸಾಲಿನ ಇಸಿಸಿ83 ಕಿತ್ತು ಮತ್ತೆ ಹಚ್ಚಿದೆ. ಸದ್ದು ಹಾಗೇ ಇತ್ತು. ಮತ್ತೆ ಆರಿಸಿ ಎರಡೂ ಇಎಲ್84 ಕಿತ್ತೆ. ಒಂದೇ ಒಂದು ವಾಲ್ವ್ ಇಲ್ಲದ ಆಂಪ್ಲಿಫೈಯರ್. ಆದರೂ ಸ್ಪೀಕರ್ ಗುಂಯ್ ಅನ್ನುತ್ತಲೇ ಇತ್ತು! ಅಲ್ಲಿಗೆ ಅನುಮಾನ ತೀರಿತು. ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಪಕ್ಕದಲ್ಲಿದ್ದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ತಂತಿಯ ನಂಟಿಲ್ಲದೆಯೇ ನುಡಿಸುತ್ತಿತ್ತು.

ಮದ್ದು ಸರಳ, ಕೆಲಸ ಮಾತ್ರ ಸಾವಕಾಶದ್ದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಹಲಗೆಯ ಮೇಲಿಟ್ಟು, ಸ್ಪೀಕರಿನ ಎರಡು ತಂತಿಗೆ ಹೆಡ್‌ಫೋನ್ ಸಿಕ್ಕಿಸಿದೆ. ಕರೆಂಟ್ ಕೊಟ್ಟಿದ್ದು ಪವರ್ ಟ್ರಾನ್ಸ್‌ಫಾರ್ಮರಿಗೆ ಮಾತ್ರ. ಅದರ ಉಳಿದ ತುದಿಗಳಿಗೆಲ್ಲ ಟೇಪು ಸುತ್ತಿತ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ನಿಧಾನಕ್ಕೆ ತಿರುಗಿಸುತ್ತ ಹೋದಂತೆ ಸದ್ದು ಏರಿತು, ಇಳಿಯಿತು. ಎರಡೂ ಒಂದಕ್ಕೊಂದು ಅಡ್ಡಲಾಗುವ ಹೊತ್ತಿಗೆ ಥಟ್ಟನೆ ನಿಂತೇಹೋಯಿತು. ಕೂದಲೆಳೆಯಷ್ಟು ಆಚೆ ಸರಿಸಿದರೆ ಮತ್ತೆ ಹಾಜರು. ಪೆನ್ಸಿಲಿನಲ್ಲಿ ಗುರುತು ಮಾಡಿ, ಷಾಸಿಗೆ ಹೊಸ ತೂತು ಕೊರೆದೆ. ಅದಕ್ಕೇ ಬಲ್ಲವರು ತಗಡು ಕೊರೆಯುವ ಮೊದಲೇ ಈ ಪರೀಕ್ಷೆ ಮುಗಿಸುತ್ತಾರೆ.

ಉಳಿದ ಪಾಠಗಳೂ ಇದೇ ಬಗೆಯವು. ಹೀಟರಿನ ಎರಡು ತಂತಿಗಳನ್ನು ಜಡೆ ಹೆಣೆದಂತೆ ಬಿಗಿಯಾಗಿ ಸುತ್ತಿ ಷಾಸಿಯ ಮೂಲೆಯಲ್ಲಿ ಒಯ್ಯಬೇಕು. ಆಗ ಒಂದರ ಕ್ಷೇತ್ರ ಇನ್ನೊಂದರದ್ದನ್ನು ಕಳೆಯುತ್ತದೆ. ಹೀಟರ್ ಸುರುಳಿಗೆ ನಡುವಿನ ತುದಿ ಇಲ್ಲದಿದ್ದರೆ ತಲಾ 100 ಓಮ್‌ನ ಎರಡು ರೆಸಿಸ್ಟರ್ ಹಾಕಿ, ಅವು ಸೇರುವ ಜಾಗವನ್ನು ಅರ್ತ್ ಮಾಡಬಹುದು. ಇಸಿಸಿ83ರ ಒಂದು ಹಂತ ಸದ್ದನ್ನು ಐವತ್ತು ಅರವತ್ತು ಪಟ್ಟು ಹಿಗ್ಗಿಸುವುದರಿಂದ, ಅದರ ಗ್ರಿಡ್‌ಗೆ ಹೋಗುವ ತಂತಿ ಆದಷ್ಟು ಗಿಡ್ಡ ಇರಬೇಕು. ಒಳಗಿನ ಅರ್ತ್ ತಂತಿಗಳೆಲ್ಲ ನಕ್ಷತ್ರದಂತೆ ಒಂದೇ ಬಿಂದುವಿಗೆ ಬಂದು ಸೇರಿ, ಅಲ್ಲಿಂದ ಒಂದೇ ಕಡೆ ಷಾಸಿಯನ್ನು ಮುಟ್ಟಬೇಕು. ಎರಡು ಕಡೆ ಮುಟ್ಟಿದರೆ ಅದು ಬಳೆಯಾಗುತ್ತದೆ, ಬಳೆಯೊಳಗೆ ಕರೆಂಟ್ ಸುತ್ತುತ್ತದೆ, ‘ಝೀ’ ಶುರುವಾಗುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಲೇಬೇಕು. ‘ಝೀ’ ತಪ್ಪಿಸಲು ಪ್ಲಗ್ಗಿನ ಮೂರನೆಯ ಪಿನ್ನಿನ ಅರ್ತ್ ತಂತಿ ಕಿತ್ತುಬಿಡುವವರಿದ್ದಾರೆ. ಸದ್ದು ನಿಲ್ಲಬಹುದು. ಆದರೆ ಒಳಗೊಂದು ತಂತಿ ಕಳಚಿ ಷಾಸಿಗೆ ತಾಗಿದ ದಿನ ಮುಟ್ಟಿದವರ ಪ್ರಾಣಕ್ಕೆ ಸಂಚಕಾರ. ಆ ತಂತಿಯನ್ನು ಎಂದಿಗೂ ಕೀಳಬಾರದು. ಹಾಗೆಯೇ ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಅದನ್ನು ಇಳಿಸುವ ರೆಸಿಸ್ಟರನ್ನು ಮೊದಲೇ ಕಟ್ಟಿರಬೇಕು. ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಒಳಗೆ ಕೈ ಹಾಕಬೇಕು.

ಗುಂಯ್ ಬಂದಾಕ್ಷಣ ದೊಡ್ಡ ಕಂಡೆನ್ಸರ್ ತಂದು ಬೆಸೆಯುವುದು ಹೊಸಬರ ರೂಢಿ. ನಾನೂ ಹಾಗೇ ಮಾಡಿದ್ದರೆ ಎಷ್ಟು ಕಂಡೆನ್ಸರ್ ಸುರಿದರೂ ನನ್ನ ಸದ್ದು ಹೋಗುತ್ತಿರಲಿಲ್ಲ, ಅದು ಬರುತ್ತಿದ್ದ ದಾರಿಯೇ ಬೇರೆ. ಕೇಳು, ಒಂದೊಂದಾಗಿ ಕಳಚು, ಮತ್ತೆ ಕೇಳು. ಈ ಕಸುಬು ಕಲಿಸುವ ಶಿಸ್ತು ಇಷ್ಟೇ.

ಎಲ್ಲ ಮುಗಿದ ರಾತ್ರಿ ಐದು ಮನೆ ಶ್ರುತಿಯ ಹಳೆಯ ಕಛೇರಿಯೊಂದನ್ನು ಹಾಕಿದೆ. ಮೊದಲು ಇದೇ ಧ್ವನಿಮುದ್ರಿಕೆಯಲ್ಲಿ ತಂಬೂರಿಯ ಷಡ್ಜ ನಡುಗಿದಂತೆ ಕೇಳುತ್ತಿತ್ತು. ತಂಬೂರಿಯ 98, ಕರೆಂಟಿನ 50ರ ಜೊತೆಗೇ ಕೇಳುವ ಒಂದು ಸ್ಥಾಯಿ ಮೇಲಿನ 100, ಎರಡೂ ಒಟ್ಟಿಗೆ ನುಡಿದು ಸೆಕೆಂಡಿಗೆ ಎರಡು ಸಲ ಒಂದನ್ನೊಂದು ಅಲುಗಿಸುತ್ತಿದ್ದವು. ಅಮ್ಮ ಕುರ್ಚಿ ಎಳೆದುಕೊಂಡು ಸ್ಪೀಕರಿನ ಪಕ್ಕ ಕೂತರು. ಹಾಡು ಶುರುವಾಗುವ ಮುಂಚಿನ ಆ ಅರ್ಧ ನಿಮಿಷ, ತಂಬೂರಿ ಒಂದೇ ನುಡಿಯಿತು.